ಹೇಸರಗತ್ತೆಯಿಂದ ಬಿದ್ದವರು

ಮೇ 12

ಬಟ್ಟೆ ಒಗೆಯುವ ದಿನ. ಹದ್ದೂನ ಕರವಸ್ತ್ರ ನಾಲ್ಕು. ನಾಲ್ಕರಲ್ಲೂ ಸಿಂಬಳ, ಸಿಂಬಳದಲ್ಲಿ ರಕ್ತ. ಬೂದಿ ಹಾಕಿ ಉಜ್ಜಿದರೂ ವಾಸನೆ ಹೋಗಲಿಲ್ಲ. ಥೂ. ನಲವತ್ತು ದಾಟಿದ ಮಗನ ಸಿಂಬಳ ತೊಳೆಯುವ ಹಣೆಬರಹ ನನಗೆ. ಕೇಳಿದರೆ ಶೀತ ಎಂದ. ಎರಡು ತಿಂಗಳ ಶೀತ. ಬಲಗಿವಿಯೂ ಕೇಳಿಸುತ್ತಿಲ್ಲ... ಹೆಂಡತಿಯ ಮಾತು ತಪ್ಪಿಸಲು ನಾಟಕ ಎಂದುಕೊಂಡಿದ್ದೆ.

ಅವನ ಮಗಳು ಇಟ್ಟೊ ಸೆರಗಿಗೆ ಕಸೂತಿ ಹಾಕುತ್ತಿದ್ದಾಳೆ. ಆಗಸ್ಟಿನಲ್ಲಿ ಮದುವೆ. ಹುಡುಗ ಗುಡ್ಡದಾಚೆಯ ಹಳ್ಳಿಯವನು.

ಮೇ 13

ಅವನು ರೊಟ್ಟಿ ತಿನ್ನುವಾಗ ನೋಡಿದೆ. ಕಿವಿಯ ಕೆಳಗೆ ಗಂಟು. ಆಲಿವ್ ಕಾಯಿಯಷ್ಟು. ಅದೇ ಜಾಗ. 

ಬರೆದೇ ಬಿಡುತ್ತೇನೆ. ಮಸೀದಿಯಲ್ಲಿ ನಮ್ಮಂಥ ಮುದುಕಿಯರಿಗೆ ಅಕ್ಷರ ಕಲಿಸಿದ್ದು ಮತ್ತೇಕೆ? ಇದನ್ನು ಓದುವವರು ಯಾರಿದ್ದಾರೆ.

ನನ್ನ ಗಂಡ ಮೊಹಾ ಹೇಸರಗತ್ತೆಯಿಂದ ಬಿದ್ದು ಸಾಯಲಿಲ್ಲ. ಮೂಗಿನ ಹಿಂದೆ ಗಡ್ಡೆ ಬೆಳೆದು, ಕತ್ತು ಊದಿ, ಕೊಳೆತು ಸತ್ತ. ಕಾದ ಕಬ್ಬಿಣದಿಂದ ಮೂರು ಬರೆ ಹಾಕಿಸಿದೆವು. ಕೊನೆಗೆ ಅವನು ಮಲಗಿದ್ದ ಕೋಣೆಗೆ ಪುದೀನ ಮೂಗಿಗೆ ಹಿಡಿದು ಹೋಗುತ್ತಿದ್ದೆ. ಕಟ್ಟಿಕೊಂಡವಳಿಗೇ ಹೇಸಿಗೆ. ಅವನ ಅಣ್ಣನದೂ ಇದೇ ಕತೆ.

ಆಗ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಮೂವರು. ಆ ಮನೆಯ ರಕ್ತ ಕೆಟ್ಟದ್ದು ಎಂದು ಊರ ಬಾಯಿಗೆ ಬಿದ್ದರೆ ಮುಗಿಯಿತು. ಹೇಸರಗತ್ತೆ ಕೆಡವಿತು ಎಂದು ನಾನೇ ಸಾರಿದೆ. ಪಾಪ, ಅದು ಕೂಸನ್ನೂ ಬೀಳಿಸಿದ್ದಲ್ಲ. ಜನ ನಂಬಲಿ ಎಂದು ಅದನ್ನು ಸಂತೆಗೆ ಹೊಡೆದು ಕಳಿಸಿದೆ.

ಮೇ 29

ಫೆಸ್ ಪಟ್ಟಣದ ದೊಡ್ಡಾಸ್ಪತ್ರೆ. ಡಾಕ್ಟರಮ್ಮ ಇನ್ನೂ ಚಿಕ್ಕವಳು. ಹದ್ದೂನ ಮೂಗಿಗೆ ಟ್ಯೂಬ್ ಇಳಿಸಿ ನೋಡಿದಳು, ಒಳಗಿನಿಂದ ಚೂರು ಕತ್ತರಿಸಿದಳು. ಮನೆಯಲ್ಲಿ ಇಂಥದ್ದು ಯಾರಿಗಾದರೂ ಇತ್ತೇ ಎಂದಳು.

ಇಲ್ಲ ಎಂದ. ಅಪ್ಪ? ಹೇಸರಗತ್ತೆಯಿಂದ ಬಿದ್ದರು ಎಂದ.

ಆಗ ಅವನಿಗೆ ಹನ್ನೊಂದು ವರ್ಷ. ಆ ಕೋಣೆಯ ವಾಸನೆ ಕುಡಿದವನು. ನನ್ನ ಕಡೆ ತಿರುಗಲಿಲ್ಲ. ನಾಲಿಗೆಗೆ ಹೆಸರಾದ ಹಾದ್ದಾ — ನಾನೇ — ಗೋಡೆಯ ಪಟ ನೋಡುತ್ತಾ ಕೂತೆ.

ಜೂನ್ 9

ರಿಪೋರ್ಟ್ ಬಂತು. ಅದೇ.

ಡಾಕ್ಟರಮ್ಮ ನಿಧಾನವಾಗಿ ಹೇಳಿದಳು. ಇದರ ಹಿಂದೆ ಒಂದು ವೈರಸ್ ಇದೆಯಂತೆ. ಚಿಕ್ಕಂದಿನಲ್ಲೇ ಹೆಚ್ಚುಕಡಿಮೆ ಎಲ್ಲರ ಮೈ ಸೇರಿ, ಬಾಗಿಲಲ್ಲಿ ನಾಯಿ ಮಲಗಿದ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಕೆಲವು ಮನೆಗಳ ರಕ್ತದಲ್ಲಿ ಅಪ್ಪನಿಂದ ಮಕ್ಕಳಿಗೆ ಏನೋ ಇಳಿದುಬರುತ್ತದೆ. ಅಂಥವರ ಮೈಯಲ್ಲಿ ಅದು ಎದ್ದು ಕಚ್ಚುವ ಭಯ ಹೆಚ್ಚು. ವರ್ಷಗಟ್ಟಲೆ ಇಟ್ಟ ಬೆಣ್ಣೆ, ಉಪ್ಪು ಹಾಕಿ ಒಣಗಿಸಿದ ಮಾಂಸ — ಅವೂ ಅದಕ್ಕೆ ಅನ್ನ ಹಾಕುತ್ತವೋ ಏನೋ, ತಿನ್ನುವುದು ಬಿಡಿ ಎಂದಳು. ಮಕ್ಕಳನ್ನು ಕರೆದುಕೊಂಡು ಬನ್ನಿ, ಬೇಗ ಸಿಕ್ಕರೆ ಗುಣವಾಗುತ್ತದೆ ಎಂದಳು.

ಬಸ್ಸಿನಲ್ಲಿ ಇಟ್ಟೊಳನ್ನು ಯಾವಾಗ ತೋರಿಸೋಣ ಎಂದೆ.

"ಮದುವೆ ಮುಗೀಲಿ ಯಮ್ಮಾ. ಅಲ್ಲೀತನಕ ಬಾಯಿ ಮುಚ್ಕೊಂಡಿರು."

"ಅಷ್ಟರಲ್ಲಿ ಅವಳಿಗೇನಾದ್ರೂ ಆದ್ರೆ?"

"ಆಸ್ಪತ್ರೇಲಿ ಮೂಗು ತೋರಿಸ್ಕೊಂಡು ಬಂದ ಹುಡುಗೀನ ಯಾರು ಕಟ್ಕೋತಾರೆ? ಇದನ್ನೆಲ್ಲ ನೀನೇ ಅಲ್ವಾ ಕಲಿಸಿದ್ದು?"

ಹೌದು. ನನ್ನ ಎಂಜಲನ್ನೇ ಅವನು ನುಂಗಿದ್ದಾನೆ. ಸೆಫ್ರೂ ಊರು ಬರುವ ತನಕ ಕಿಟಕಿಯಿಂದಾಚೆ ಉಗುಳುತ್ತಾ ಬಂದೆ.

ಜುಲೈ 18

ಹದ್ದೂಗೆ ಆಸ್ಪತ್ರೆಯಲ್ಲಿ ಗಡ್ಡೆ ಸುಡುವ ಕರೆಂಟು ಕೊಡುತ್ತಿದ್ದಾರೆ. ಕತ್ತು ಸುಟ್ಟ ಬದನೆಕಾಯಿ. ಊರಿಗೆ ಹೇಳಿರುವುದು, ಹಲ್ಲು ಕೀಳಿಸಿದ್ದು ಕೀವಾಯಿತು ಅಂತ.

ಇವತ್ತು ಕೊಟ್ಟಿಗೆಯ ನೆಲ ಅಗೆದು ಬೆಣ್ಣೆಯ ಕೊಡ ತೆಗೆದೆವು. ಇಟ್ಟೊ ಹುಟ್ಟಿದ ವಾರ ನಾನೇ ಉಪ್ಪು ಬೆರೆಸಿ, ಬಾಯಿಗೆ ಮಣ್ಣು ಮೆತ್ತಿ ಹೂತದ್ದು. ಹೆಣ್ಣು ಹುಟ್ಟಿದಾಗ ಹೂಳಬೇಕು, ಮದುವೆಗೆ ತೆಗೆಯಬೇಕು. ಹತ್ತೊಂಬತ್ತು ವರ್ಷದ್ದು. ಮುಚ್ಚಳ ಎತ್ತಿದಾಗ ಹೆಂಗಸರೆಲ್ಲ ಆಹಾ ಎಂದರು. ನನಗೆ ಆ ಕಮಟು ಮೂಗಿಗೆ ಹೊಡೆದದ್ದೇ ಮೊಹಾನ ಕೋಣೆ ಕಣ್ಣ ಮುಂದೆ. ಇಂಥದ್ದೇ ಹಳೇ ಬೆಣ್ಣೆಯಲ್ಲಿ ಬೆರಳು ಅದ್ದಿ ಹಾಲುಗೂಸುಗಳಿಗೆ ನೆಕ್ಕಿಸಿದ್ದೆ. ಹದ್ದೂಗೂ. ಇಟ್ಟೊಗೂ.

ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ.

ಜುಲೈ 20, ಸಂಜೆ

ಹುಡುಗನ ತಾಯಿ ಫಾದ್ಮಾ — ಮರ್ಯಾದೆಗೆ ಲಲ್ಲಾ ಫಾದ್ಮಾ — ಬೆಣ್ಣೆಯ ರುಚಿ ನೋಡಲು ಬಂದಳು. ಅವಳು ಮೊದಲ ಬೆರಳು ನೆಕ್ಕಿದರೆ ಸಂಬಂಧ ಗಟ್ಟಿ. ಅವಳ ಬೆರಳು ಕೊಡದ ಬಾಯಿಯ ಹತ್ತಿರ ಬಂದಿತ್ತು. ನಾನು ಮುಚ್ಚಳ ಮುಚ್ಚಿದೆ. ಹದ್ದೂನ ಮುಖ ಸುಣ್ಣ.

ಕೈ ಹಿಡಿದು ಅವಳನ್ನು ಕೊಟ್ಟಿಗೆಗೆ ಕರೆದೊಯ್ದೆ. ಎಲ್ಲ ಹೇಳಿದೆ. ಮೊಹಾ, ಅವನ ಅಣ್ಣ, ಈಗ ಹದ್ದೂ, ವೈರಸ್, ರಕ್ತ. ಇಟ್ಟೊಳನ್ನು ಮೊದಲು ಡಾಕ್ಟರಿಗೆ ತೋರಿಸಬೇಕು ಎಂದೆ. ಹೇಸರಗತ್ತೆ ನನ್ನ ಸುಳ್ಳು ಎಂದೆ. ಮುಖಕ್ಕೆ ಉಗಿಯಲಿ ಎಂದು ಕಾದೆ.

ಅವಳು ಗೋದಲಿಯ ಅಂಚಿನ ಮೇಲೆ ಕೂತಳು. 

"ಕೂತ್ಕೊಳ್ಳಿ, ಲಲ್ಲಾ ಹಾದ್ದಾ. ನಮ್ಮನೇಲೂ ಇಬ್ಬರು ಹೇಸರಗತ್ತೆಯಿಂದ ಬಿದ್ದೇ ಸತ್ತದ್ದು. ನನ್ನ ಗಂಡ, ಮೈದುನ." ನೆಲದ ಸೆಗಣಿ ನೋಡುತ್ತಾ ಹೇಳಿದಳು: "ನಮ್ಮನೇಲಿ ಹೇಸರಗತ್ತೆ ಇರಲೇ ಇಲ್ಲ."

ನಗು ಬಂತು. ಇಬ್ಬರೂ ನಕ್ಕೆವು. ಆಮೇಲೆ ಮೈಯೆಲ್ಲ ಅಸಹ್ಯ. ಎರಡು ಮನೆಯ ಕೊಳೆತದ್ದನ್ನು ಮುಚ್ಚಿಟ್ಟು, ಎರಡು ಎಳೆ ಜೀವಗಳನ್ನು ಕಟ್ಟಿಹಾಕಲು ಹೊರಟಿದ್ದೆವು. ಇನ್ನು ಹುಟ್ಟುವ ಕೂಸಿಗೂ ಬೆಣ್ಣೆ ಹೂಳುತ್ತಿದ್ದೆವು.

"ನಾನಾಗಿದ್ರೆ ಬಾಯಿ ಬಿಡ್ತಿರಲಿಲ್ಲ," ಎಂದಳು. ಅದು ನಿಜ. ನಾನೂ ಮೂವತ್ತಮೂರು ವರ್ಷ ಬಿಟ್ಟಿರಲಿಲ್ಲ.

ಕೊಡವನ್ನು ಇಬ್ಬರೂ ಹೊತ್ತು ತಿಪ್ಪೆಗೆ ಸುರಿದೆವು. ನಾಯಿ ಬಂದು ಮೂಸಿತು, ಹೋಯಿತು.

ನಾಡಿದ್ದಿನ ಬಸ್ಸಿಗೆ ಅವಳ ಮಗ, ನಮ್ಮ ಇಟ್ಟೊ, ಇಬ್ಬರೂ ಫೆಸ್‌ಗೆ. ಮದುವೆಯ ಮಾತು ಆಮೇಲೆ, ಅವರದೇ ಬಾಯಲ್ಲಿ.

ಜುಲೈ 21, ಬೆಳಿಗ್ಗೆ

ಹದ್ದೂ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಡಲಿ.

ಇಟ್ಟೊ ಹಿಟ್ಟು ನಾದುತ್ತಾ ಕೇಳುತ್ತಿದ್ದಾಳೆ, ಬೆಣ್ಣೆ ಯಾಕೆ ತಿಪ್ಪೆಗೆ ಹೋಯಿತು, ಅಪ್ಪ ಯಾಕೆ ಅಳುತ್ತಾನೆ. ಇದೀಗ ಕೇಳಿದಳು — "ಅಜ್ಜಿ, ತಾತ ನಿಜವಾಗ್ಲೂ ಹೇಗೆ ಸತ್ತದ್ದು?"

ಬಾಯಿ ತೆರೆದೆ. ದೇವರಾಣೆ, ಹೇಸರಗತ್ತೆಯೇ ನಾಲಿಗೆಗೆ ಬಂತು. ನುಂಗಿಕೊಂಡೆ.

ಈ ಬಾಯನ್ನು ನಂಬುವಂತಿಲ್ಲ. ಇಟ್ಟೊ ಓದು ಬಲ್ಲವಳು. ಮೇ ಹದಿಮೂರರ ಪುಟ ತೆರೆದು ಕೊಡುತ್ತೇನೆ. ಕೈ ತೊಳೆದುಕೊಂಡು ಬಾ ಎಂದಿದ್ದೇನೆ. ತೊಳೆಯುತ್ತಿದ್ದಾಳೆ. ಒರೆಸಿಕೊಂಡಳು. ಬಂದಳು, ಇನ್ನು ಪುಸ್ತಕ ಅವಳ —