ಒಬ್ಬಳೇ ಮುಗಿಸಿದ ಸಣ್ಣ ಆಟ

ನಾರಾಯಣಪೇಟ
೧೯ ಜೂನ್ ೨೦೧೪, ಗುರುವಾರ

ವಿನಯಾ, ನನ್ನ ತಮ್ಮಾ,

ಈಗ ರಾತ್ರಿ ಎರಡು ಗಂಟೆ ಇಪ್ಪತ್ತು ನಿಮಿಷ. ಕರೆಂಟು ಹೋಗಿ ಕಂಪ್ಯೂಟರಿನ ಯುಪಿಎಸ್ ಕುಂಯ್ ಕುಂಯ್ ಎಂದು ಕೂಗಿದ ಸದ್ದಿಗೆ ಎಚ್ಚರವಾಯಿತು. ಕೂಸು ಅಳುತ್ತಿದ್ದಾಳೆಂದು ತೊಟ್ಟಿಲಿಗೆ ಕೈ ಹಾಕಿದರೆ ಅವಳು ಬೆರಳು ಚೀಪುತ್ತ ಹಾಯಾಗಿ ಮಲಗಿದ್ದಳು. ಆಮೇಲೆ ಕರೆಂಟು ಬಂತು, ನನಗೆ ನಿದ್ದೆ ಬರಲಿಲ್ಲ. ಹನ್ನೊಂದು ದಿನದಿಂದ ನಿನಗೆ ಬರೆಯಲು ಕುಳಿತು ಕುಳಿತು ಎದ್ದಿದ್ದೇನೆ. ತಡವಾದದ್ದಕ್ಕೆ ನೆವ ಹೇಳುವುದಿಲ್ಲ, ನಾಚಿಕೆಯೇ ಕಾರಣ. ನನ್ನ ಫೋನು ನೀನು ಎತ್ತುತ್ತಿಲ್ಲ. ಆದರೆ ಗದ್ವಾಲದ ಅಂಗಡಿಯಲ್ಲಿ ಯಾರದೋ ಕಂಪ್ಯೂಟರು ಬಿಚ್ಚಿಕೊಂಡು ಎದ್ದಿರುತ್ತೀ, ಮೇಲ್ ಬಂದರೆ ನೋಡದೆ ಇರಲಾರೆ ಎಂಬ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಕೂಸಿಗೆ ಕೆಳಗೆ ಎರಡು ಹಲ್ಲು ಬಂದಿವೆ. ನಿನ್ನ ಭಾವ ಮನೆಗೆ ಬರುವುದೇ ಕತ್ತಲಾದ ಮೇಲೆ. ಹೊಸ ರಾಜ್ಯವಾಯಿತಲ್ಲ, ಎಲ್ಲ ಕಚೇರಿಗಳ ಬೋರ್ಡನ್ನೂ ಅಳಿಸಿ ಬರೆಯಬೇಕು. 'ತೆಲಂಗಾಣ ತೆಲಂಗಾಣ ಅಂತ ಬರ್ದು ಬರ್ದು ನನ್ನ ಹೆಸರು ಮರ್ತೀನಿ' ಎನ್ನುತ್ತಾರೆ.

ಎರಡನೇ ತಾರೀಖು ಊರೆಲ್ಲ ಪಟಾಕಿ ಹೊಡೆಯುತ್ತಿದ್ದಾಗ ನೀನು ಆ ಕಂಪ್ಯೂಟರ್ ಆಟದ ಡಿಸ್ಕು ಹಿಡಿದು ಬಂದೆ. ನಮ್ಮ ಅತ್ತೆ ಉರುಕುಂದಮ್ಮ ಅದನ್ನು ಬೆಳಕಿಗೆ ತಿರುಗಿಸಿ ನೋಡಿ, 'ತವರಿಂದ ಸೀರಿ ಬರ್ತೈತಿ ಅಂತ ಕುಂತ್ರ, ನಿನ್ನ ತಮ್ಮ ಬಿಲ್ಲಿ ತಂದಾನ ನೋಡವ್ವ' ಎಂದರು. ನೀನು, 'ಸೀರಿ ಹರೀತೈತ್ರಿ ಅತ್ತಿ, ಇದು ಹರ್ಯಂಗಿಲ್ಲ' ಎಂದೆ. ಹೋಗುವಾಗ ನನಗೊಬ್ಬಳಿಗೇ ಹೇಳಿದೆ: 'ಅಕ್ಕಾ, ಐತವಾರ ಬರ್ತೀನಿ. ನಾ ಬರೋತನ ತೆರೀಬ್ಯಾಡ. ಸಣ್ಣದೈತಿ, ನಾಕು ತಾಸಿನ ಆಟ. ಇಬ್ರೂ ಕೂಡೇ ಮುಗಿಸೋಣು.'

ನೀನು ಯಾಕೆ ಹಾಗೆ ಹೇಳಿದೆ ಎಂದು ನನಗಿಂತ ಯಾರಿಗೆ ಗೊತ್ತು? ಮೂರು ವರ್ಷದ ಹಿಂದೆ ತೆಲಂಗಾಣದ ಮುಷ್ಕರದಲ್ಲಿ ಬಸ್ಸುಗಳೆಲ್ಲ ನಿಂತಾಗ ಬೈಕಿನಲ್ಲಿ ಹೋಗಿ ಬಿದ್ದು ನಿನ್ನ ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಕುಳಿತ ನಿನ್ನ ಪಕ್ಕದಲ್ಲಿ, ಕಾಲೇಜು ಮುಚ್ಚಿದ್ದರಿಂದ, ನಾನೂ ಕುಳಿತೆ. ಎಡಗೈಯಿಂದ ಕೀಲಿಗಳನ್ನು ಒತ್ತಿ ನೀನು ಆಟದ ಸಿಪಾಯಿಯನ್ನು ನಡೆಸುತ್ತಿದ್ದೆ. ಮೌಸ್ ಹಿಡಿದು ನಾನು ಗುರಿ ಇಡುತ್ತಿದ್ದೆ. ಇದಕ್ಕೂ ಮೊದಲು ಬಂದ ಆ ದೊಡ್ಡ ಆಟವನ್ನು ಹಾಗೆಯೇ ಮುಗಿಸಿದೆವು. ಪ್ಲಾಸ್ಟರ್ ತೆಗೆದರೂ ಆ ಕೈ ಮೊದಲಿನಂತೆ ತಿರುಗಲಿಲ್ಲ. ಒಬ್ಬನೇ ಆಡಲು ನಿನಗೆ ಆಗುವುದಿಲ್ಲ.

ನನಗೆ ಆಗುತ್ತದೆ. ಬುಧವಾರ ಕೂಸು ತೊಡೆಯ ಮೇಲೆ ನಿದ್ದೆ ಹೋದಾಗ, ಮೊದಲ ಕೋಣೆಯನ್ನಷ್ಟೇ ನೋಡೋಣ ಎಂದು ತೆರೆದೆ. ದೊಡ್ಡ ಆಟದಲ್ಲಿ ಇಡೀ ನಗರವನ್ನು ಉಳಿಸಬೇಕಿತ್ತು. ಇದರಲ್ಲಿ ಅದೇ ಸಿಪಾಯಿ ಮುಳುಗುತ್ತಿರುವ ಹಡಗಿನಿಂದ ಹೊರಗೆ ಬಂದರೆ ಸಾಕು. ಗುಂಡುಗಳು ಕಡಿಮೆ, ಕತ್ತಲು ಹೆಚ್ಚು, ನೀರು ಮೊಣಕಾಲಿಗೇರುವ ಸದ್ದು. ದಿನವಿಡೀ ಹಾಲು, ಬಟ್ಟೆ, ಬಿಸಿನೀರು ಎಂದು ತಿರುಗಿದವಳಿಗೆ, ಹೊರಗೆ ಬಂದರೆ ಸಾಕು ಎನ್ನುವ ಆಟ ಎಷ್ಟು ಹಿಡಿಸಿತೆಂದು ಹೇಗೆ ಹೇಳಲಿ? ಶುಕ್ರವಾರದ ಹೊತ್ತಿಗೆ ಮುಗಿದೇ ಹೋಯಿತು. ಕೊನೆಯಲ್ಲಿ ಅವನು ದೋಣಿಗೆ ಜಿಗಿದಾಗ ಪಕ್ಕಕ್ಕೆ ತಿರುಗಿ ನಿನ್ನನ್ನು ನೋಡಿದೆ. ನೀನಿರಲಿಲ್ಲ.

ಭಾನುವಾರ ನೀನು ಬಂದಾಗಲೇ ಹೇಳಿಬಿಟ್ಟಿದ್ದರೆ ನಕ್ಕು ಬಿಡುತ್ತಿದ್ದೆಯೇನೋ. ನಾನು ಮೊದಲ ಸಲ ನೋಡುವವಳಂತೆ ಕುಳಿತೆ. ಮೂರನೆಯ ಕೋಣೆಯಲ್ಲಿ ಕಬ್ಬಿಣದ ಬಾಗಿಲ ಮುಂದೆ ನಾನು ಮೊದಲೇ ಮೇಲಕ್ಕೆ ಗುರಿ ಇಟ್ಟೆ, ನಿನ್ನ ಎಡಗೈ ತಟ್ಟನೆ ನಿಂತಿತು.

'ಅಕ್ಕಾ, ಬಾಗಲ ಇನ್ನಾ ತೆರೆದಿಲ್ಲ. ವೈರಿ ಮ್ಯಾಲಿಂದ ಬರ್ತಾನ ಅಂತ ನಿನಗ ಹ್ಯಾಂಗ ಗೊತ್ತಾತು?'

ಸಿಕ್ಕಿಬಿದ್ದ ನಾಚಿಕೆಗೆ ನಾನು ಅತ್ತೆಗೆ ಕೇಳುವಂತೆ, 'ಮದುವಿ ವಯಸ್ಸಾತು, ಇನ್ನಾ ಬಂದೂಕಿನ ಆಟ ಅಂತ ಓಡಿ ಬರ್ತಿ. ನನಗ ಮನಿ ಐತಿ, ಕೂಸೈತಿ' ಎಂದೆ. ನೀನು ಚಹಾ ಕುಡಿಯಲಿಲ್ಲ. 'ಆತು ಬಿಡಕ್ಕಾ' ಎಂದಷ್ಟೇ ಹೇಳಿ ಎದ್ದೆ.

ಇವತ್ತು ಕೂಸಿನ ಜವಳ. ಆಷಾಢ ಹಿಡಿಯುವ ಮುಂಚೆ ಆಗಬೇಕೆಂದು ಮಕ್ತಲದ ಹತ್ತಿರ ಮೈಲಾರಲಿಂಗನ ಗುಡಿಯಲ್ಲಿ ಇಟ್ಟುಕೊಂಡಿದ್ದಾರೆ. ನಿನಗೂ ಹೇಳಿ ಕಳಿಸಿದ್ದೆವು. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಮೊದಲ ಕೂದಲೆಳೆಯನ್ನು ಅವನೇ ಕತ್ತರಿಸಬೇಕು. ಈ ಮನೆಯ ಪದ್ಧತಿಯಲ್ಲಿ ಜವಳಕ್ಕೆ ಕುಳಿತವನೇ ಮಗುವಿನ ಮದುವೆಯವರೆಗೂ ಮಾವ, ಆಮೇಲೆ ಬದಲಾಯಿಸುವಂತಿಲ್ಲ. ನೀನು ಬರದಿದ್ದರೆ ದಾಮರಗಿದ್ದದ ನೆಂಟ ರಾಮುಲು ಕೂರಲಿ ಎಂದು ಅತ್ತೆ ಹೇಳಿದ್ದಾರೆ. ಅವನು ಒಳ್ಳೆಯವನೇ. ಆದರೆ ಕೂಸಿಗೆ ಅವನ ಮುಖದ ಪರಿಚಯವೂ ಇಲ್ಲ.

ನಿನ್ನ ಅಂಗಡಿ ಚೆನ್ನಾಗಿ ನಡೆಯಲಿ. ಬೀರಪ್ಪ ದೇವರು ನಿನ್ನ ಬೆನ್ನಿಗಿರಲಿ, ಮನೆಗೆ ಬೇಗ ಒಬ್ಬಳು ಬರಲಿ, ಅವಳು ನನಗಿಂತ ನಿಯತ್ತಿನವಳಾಗಿರಲಿ.

ನಿನ್ನ ಅಕ್ಕ,
ಬಸವೇಶ್ವರಿ

ತಾ.ಕ. ಮೇಲೆ ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ರಾಮುಲುವಿನ ಹೆಸರು ಎತ್ತಿದವರು ಅತ್ತೆಯಲ್ಲ. ಆ ಭಾನುವಾರ ನೀನು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ, ಒಳಗೆ ನಿಂತು ನಾನೇ ಹೇಳಿದೆ: 'ಆ ಕೈಲಿ ಕೂಸಿನ ತಲಿಗೆ ಕತ್ತರಿ ಹ್ಯಾಂಗ ಹಿಡೀತಾನ್ರಿ? ರಾಮುಲುಗ ಹೇಳ್ರಿ.' ಅತ್ತೆಯೇ ನನ್ನನ್ನು ಗದರಿದರು: 'ಬಾಯಿ ಮುಚ್ಚು. ಕೈ ನಡುಗಿದ್ರ ನಾ ಹಿಡಕೊಂತೀನಿ, ಅವನೇ ಕುಂದ್ರಬೇಕು.' ಆಮೇಲೆ ನೀನು ಫೋನು ಎತ್ತದಿದ್ದಾಗಲೇ ಅವರು ಸೋತು ಒಪ್ಪಿದ್ದು. ನಿನ್ನ ಬೈಕು ಕೂಡಲೇ ಶುರುವಾಗಲಿಲ್ಲ, ಬಾಗಿಲ ಹೊರಗೆ ನೀನು ಸ್ವಲ್ಪ ಹೊತ್ತು ನಿಂತಿದ್ದೆ. ಅದಕ್ಕೇ ನನಗೆ ನಿದ್ದೆಯಿಲ್ಲ. ಆರು ಗಂಟೆಗೆ ಜೀಪು ಬರುತ್ತದೆ. ನೀನು ಐದಕ್ಕೆ ಹೊರಟರೂ ಜೂರಾಲದ ಅಣೆಕಟ್ಟೆ ದಾಟಿ ಹೊತ್ತಿಗೆ ಸರಿಯಾಗಿ ಗುಡಿ ಮುಟ್ಟುತ್ತೀ. ಬೆಳಗಾಗುವ ಮುಂಚೆ ಒಂದು ಫೋನು ಮಾಡು ತಮ್ಮಾ. ಬೈಯಲಿಕ್ಕಾದರೂ ಮಾಡು. ಬರುತ್ತೇನೆ ಎನ್ನದಿದ್ದರೂ ಸರಿ, ಆ ಮಾತು ನಿನಗೆ ಕೇಳಿಸಿತ್ತೋ ಇಲ್ಲವೋ, ಅಷ್ಟು ಹೇಳು.