ವಾಲ್ವ್ ಮುಚ್ಚಿದ ಮೇಲೆ

ಪ್ರೀತಿಯ ಅಪ್ಪ,

ಜೀವಮಾನವೆಲ್ಲ ಡೀಸೆಲ್ ಮಸಿಯಲ್ಲಿ ಕಳೆದ ನಿಮಗೆ ನನ್ನ ಕೆಲಸ ಕನಸಿನ ಹಾಗೆ ಅನ್ನಿಸೀತು. ಈ ಹೈಡ್ರೋಜನ್ ಇಂಜಿನ್ನಿನ ಉರಿ ಕಣ್ಣಿಗೇ ಕಾಣಲ್ಲ. ಸೈಲೆನ್ಸರಿನಿಂದ ಹೊಗೆಯ ಬದಲು ಬೆಳ್ಳಗೆ ಆವಿ ತೇಲಿ ಬಂದು, ಕಿಟಕಿ ಗಾಜಿನ ಮೇಲೆ ಹನಿಯಾಗಿ ಇಳಿಯುತ್ತೆ. ನೋಡ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಇದರ ಸ್ವಭಾವ ಮಾತ್ರ ಥೇಟ್ ನಿಮ್ಮದೇ. ಕಿಡಿ ಕೊಡೋ ಮುಂಚೆಯೇ ಹೊತ್ತಿಕೊಂಡು, ಗಾಳಿ ಬರೋ ದಾರಿಯಲ್ಲೇ ಢಮ್ ಅಂತಿತ್ತು. ಕೊನೆಗೆ ಅಮ್ಮನ ಉಪಾಯ ನೆನಪಾಯಿತು. ಅಮ್ಮ ಇದ್ದಾಗ, ನಿಮ್ಮನ್ನ ಮೊದಲು ಗಾಳಿಗೆ ಕೂರಿಸಿ, ಬಾಗಿಲು ಮುಚ್ಚಿ, ಆಮೇಲೆ ಮೆಲ್ಲಗೆ ವಿಷಯ ತೆಗೀತಿದ್ದಳಲ್ಲ? ನಾನೂ ಹಾಗೇ ಮಾಡಿದೆ. ಮೊದಲು ಧಾರಾಳವಾಗಿ ಗಾಳಿ, ಆ ಗಾಳಿ ಬರೋ ವಾಲ್ವ್ ಮುಚ್ಚಿದ ಮೇಲಷ್ಟೇ ಹೈಡ್ರೋಜನ್. ಈಗ ಗುಣುಗುಣು ಅಂತ ಓಡ್ತಿದೆ.

ಅಪ್ಪ, ಫ್ಯಾನ್ ಹಾಕ್ಕೊಂಡಿದ್ದೀರಾ? ಬಾಗಿಲು ಮುಚ್ಚಿದೆಯಾ?

ನೀವು ಮಾತು ಬಿಟ್ಟಿರೋ ಎದುರು ಗ್ಯಾರೇಜಿನವರ ಮಗ ಇಲ್ಲೇ ನನ್ನ ಜೊತೆ ಕೆಲಸ ಮಾಡ್ತಾನೆ. ನಾವಿಬ್ಬರೂ ಮದುವೆ ಆಗಬೇಕು ಅಂತಿದ್ದೀವಿ.

ಒಂದು ಸಲ ಬಂದು ನೋಡಿ, ಇಂಜಿನ್ನನ್ನೂ, ಅವನನ್ನೂ. ಬರುವಾಗ ಕರವಸ್ತ್ರ ಮರೀಬೇಡಿ. ಇಲ್ಲಿ ಉರಿದಿದ್ದೆಲ್ಲ ಕೊನೆಗೆ ನೀರೇ ಆಗೋದು.

ನಿಮ್ಮಷ್ಟೇ ಸಿಟ್ಟಿನ,
ಮಗಳು