ದ್ರಾಕ್ಷಿ ತೋಟಕ್ಕೆ ಬಂದ ಇಟಾಲಿಯನ್

ಐಗಳಿ,
ತಾ. ೧೮-೧೧-೧೯೯೧

ಪ್ರಿಯ ಸುಗಂಧಾ,

ಜಯ ಜಿನೇಂದ್ರ. ದೀಪಾವಳಿಗೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ, ಸಿಟ್ಟಾಗಬೇಡ. ಕೂಸು ಹಗಲೆಲ್ಲ ಮಲಗುತ್ತದೆ, ರಾತ್ರಿ ಆಡುತ್ತದೆ. ಅದು ಮಲಗಿದರೂ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ಕೂಡುವ ಹುಚ್ಚು ನನಗೆ. ಆದರೆ ಈ ಪತ್ರ ಅಳುವುದಕ್ಕಲ್ಲ, ಮೆರೆಯುವುದಕ್ಕೆ.

ಬೆಳಗಾವಿಯ ಹಾಸ್ಟೆಲಿನಲ್ಲಿ ಇಟಲಿಯ ಸಿಸ್ಟರ್ ನಮಗೆ ದಿನಬಳಕೆಯ ಇಂಗ್ಲಿಷ್ ಮಾತು ಕೊಟ್ಟು, ಇಟಾಲಿಯನ್ನಿಗೆ ತಿರುಗಿಸಿರೆಂದು ಕಾಡುತ್ತಿದ್ದರಲ್ಲ? 'ಐ ಲೈಕ್ ಇಟ್' ಅಂದರೆ 'ಮಿ ಪ್ಯಾಚೆ'. ಇಂಗ್ಲಿಷಿನ ದಾರಿ ಬಿಟ್ಟು ನಮ್ಮ 'ನನಗ ಸೇರತೈತಿ' ಹಿಡಿದರೆ ನೆಟ್ಟಗೆ ಹೋಗುತ್ತದೆಂದು ನೀನೇ ಕಂಡುಹಿಡಿದಿದ್ದೆ. ಆ ವಿದ್ಯೆ ನಮ್ಮ ದ್ರಾಕ್ಷಿ ಉಳಿಸಿತು.

ಔಷಧಿ ಹೊಡೆಯಲು ಮಾವ ಇಟಲಿಯ ಯಂತ್ರ ತರಿಸಿ ಪೂಜೆ ಮಾಡಿಸಿದರು. ಮರುದಿನವೇ ಮೋಡ ಕವಿದು ಎಲೆಗಳಿಗೆ ರೋಗ ಹತ್ತಿತು. ಯಂತ್ರ ಮಾತ್ರ ಹನಿ ಉಗುಳಲಿಲ್ಲ. ಇನ್ನೆರಡು ದಿನ ತಡವಾದರೆ ಇಡೀ ತೋಟ ಹೋಗುತ್ತಿತ್ತು. ಕಂಪನಿಯ ಮೆಕ್ಯಾನಿಕ್ ಬಂದ. ಜೊತೆಗೆ ಬರಬೇಕಾದ ದುಭಾಷಿ ಜ್ವರ ಬಂದು ಮಿರಜದಲ್ಲೇ ಉಳಿದ. ಇವನಿಗೆ ಇಟಾಲಿಯನ್ ಬಿಟ್ಟು ಬೇರೇನೂ ಬಾರದು.

ನಮ್ಮ ಮನೆಯವರು ಅವನ ಪುಟ್ಟ ಇಂಗ್ಲಿಷ್-ಇಟಾಲಿಯನ್ ನಿಘಂಟು ಇಸಿದುಕೊಂಡು, ಮಷೀನ್ ಜಾಮ್ ಆಗಿದೆ ಎನ್ನಲು ಹೋಗಿ 'ಮಾರ್ಮೆಲ್ಲಾತಾ' ಅಂದರು. ಅದು ಬ್ರೆಡ್ಡಿಗೆ ಹಚ್ಚುವ ಜಾಮು. ಆತ ಪಾಪ, ಹೊಟ್ಟೆ ಸವರಿಕೊಂಡು ಈಗ ಬೇಡವೆಂದ.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಾನು ಮುಂದೆ ಬಂದೆ. "ಸಿ ಎ ಬ್ಲೊಕ್ಕಾತಾ" ಅಂದೆ, ಕಟ್ಟಿಕೊಂಡಿದೆ ಎಂದು. ಅವನ ಮುಖ ಅರಳಿತು.

"ತಾತ್ಯಾಸಾಹೇಬ್ರ, ನಿಮ್ಮ ಸೊಸಿ ಮರಾಠಿ ಮಾತಾಡಾಕತ್ತಾಳೇನ್ರಿ?" ಎಂದ ಪಕ್ಕದ ತೋಟದ ಧರೆಪ್ಪ.

"ಮರಾಠಿ ಆದ್ರ ನನಗ ತಿಳಿತಿದ್ದಿಲ್ಲೇನಲೇ?" ಎಂದರು ಮಾವ.

ಆಮೇಲೆ ಮಾವನವರ "ಪ್ರೆಶರ್ ಬರವಲ್ದು", "ಲೋಡ್ ತಗೋವಲ್ದು" ಎಲ್ಲ ನನ್ನ ಬಾಯಿಂದ ಇಟಲಿಗೆ ಹೋದವು. ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದರೆ ಉಬ್ಬಿದ ಹಳದಿ ಅಕ್ಕಿ. ಯಾರು ಹಾಕಿದರೆಂದು ಕೇಳಿದ. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ. ಎಲ್ಲರೂ ನಮ್ಮ ಮನೆಯವರ ಕಡೆ ತಿರುಗಿದರು. ಪೂಜೆಯ ದಿನ, ಟ್ಯಾಂಕಿನ ನೀರೂ ಗಂಗೆಯೇ ಎಂದು ಬೊಗಸೆ ತುಂಬ ಅಕ್ಷತೆ ಸುರಿದವರು ಇವರೇ.

"ಪಾರಿಸ ಮಷೀನಿಂದೂ ಲಗ್ನಾ ಮಾಡ್ಯಾನ್ರೀ" ಎಂದ ಧರೆಪ್ಪ, ಇವರತ್ತ ಕೈ ತೋರಿಸಿ. ತೋಟವೆಲ್ಲ ನಕ್ಕಿತು.

ಅದು ಆಶೀರ್ವಾದವೆಂದು ನಾನು ತಿಳಿಸಿ ಹೇಳಿದಾಗ ಮೆಕ್ಯಾನಿಕ್ ನಗಲಿಲ್ಲ. ಅವನೂರಲ್ಲೂ ಪಾದ್ರಿ ಟ್ರ್ಯಾಕ್ಟರಿಗೆ ತೀರ್ಥ ಚಿಮುಕಿಸುತ್ತಾರಂತೆ, ಹೊರಗಿನಿಂದ ಮಾತ್ರವಂತೆ.

ಸಂಜೆಯೊಳಗೆ ಸಾಲು ಸಾಲಿಗೂ ಔಷಧಿ ಬಿತ್ತು. ಎಲೆ ಈಗ ಹಸಿರಾಗಿವೆ, ಕಾಯಿ ಗಟ್ಟಿಯಾಗಿವೆ. ಮಾವ ಅಥಣಿ ಪೇಟೆಯಲ್ಲೆಲ್ಲ ನನ್ನ ಸುದ್ದಿ ಹಂಚಿ ಬಂದಿದ್ದಾರೆ.

ನಿನ್ನ ಮಗಳಿಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಚಂದ್ರಮತಿ

ತಾ.ಕ.: ಅಂದಿನಿಂದ ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನಿದ್ದರೂ ಕೂಸಿಗೇ ಹೇಳುತ್ತಾರೆ: "ನಿಮ್ಮವ್ವಗ ಹೇಳು, ಚಾ ಬೇಕಂತ." ಅತ್ತೆ ನಗುತ್ತಾರೆ, ನನಗೆ ಅನ್ನ ಇಳಿಯುವುದಿಲ್ಲ. ಇವತ್ತು ಕಾಗವಾಡದವರು ಬಂದು, ನಾಳೆ ಮೆಕ್ಯಾನಿಕ್ ತಮ್ಮ ತೋಟಕ್ಕೆ ಬರುತ್ತಾನೆ, ಜೀಪು ಕಳಿಸುತ್ತೇವೆ, ನಾನೂ ಬರಬೇಕು ಎಂದರು. ಇವರು ಕೂಸಿಗೆ, "ನಿಮ್ಮವ್ವ ಹೋಗೂದಿಲ್ಲಂತ ಹೇಳು" ಅಂದರು. ನಾನೂ ಕೂಸಿಗೇ ಹೇಳಿದೆ: "ನಿಮ್ಮಪ್ಪಗ ಹೇಳು, ನಾವಿಬ್ರೂ ಹೊಂಟೇವಿ. ಜೀಪಿನ್ಯಾಗ ಇನ್ನೊಬ್ಬರಿಗೆ ಜಾಗಾ ಐತಿ."